ಶಾಂತಕ್ಕನ ಖಾನಾವಳಿಯೂ ನನ್ನ ಹೊಟ್ಟೆನೋವೂ

ಮನುಷ್ಯ ಒಂದೇ ಖಾನಾವಳಿಯಲ್ಲಿ ವರ್ಷಗಟ್ಟಲೆ ಊಟ ಮಾಡಬಾರದು. ಮಾಡಿದರೆ ಅವನು ಗಿರಾಕಿಯಾಗಿ ಉಳಿಯುವುದಿಲ್ಲ, ಆ ಮನೆಯ ಸ್ವತ್ತಾಗಿಬಿಡುತ್ತಾನೆ. ಇವತ್ತು ಯಾಕೆ ಮೊಸರು ಬೇಡ ಅಂದ, ಯಾವ ಪಲ್ಯಕ್ಕೆ ಮುಖ ಗಂಟು ಹಾಕಿದ, ಎಲ್ಲವೂ ಅಲ್ಲಿ ನಾಲ್ಕು ಜನರ ನಡುವೆ ಚರ್ಚೆಯಾಗುತ್ತದೆ. ಹೆಂಡತಿಗೆ ಸುಳ್ಳು ಹೇಳಿ ಬಚಾವಾದವರನ್ನು ನಾನು ಕಂಡಿದ್ದೇನೆ. ಖಾನಾವಳಿಯಲ್ಲಿ ಸುಳ್ಳು ಹೇಳಿ ಬಚಾವಾದವರನ್ನು ಈವರೆಗೆ ಕಂಡಿಲ್ಲ. ಪ್ರಯತ್ನ ಮಾಡಿದವನೊಬ್ಬ ಗೊತ್ತು, ಅವನ ಕಥೆಯನ್ನೇ ಹೇಳುತ್ತಿದ್ದೇನೆ.

ನನ್ನ ಮನೆ ಮುಂಡಗೋಡದಲ್ಲಿ, ನೌಕರಿ ಹಳಿಯಾಳದಲ್ಲಿ. ಹೆಂಡತಿ ಅಲ್ಲೇ ಹತ್ತಿರದ ಚಿಗಳ್ಳಿಯ ಶಾಲೆಯಲ್ಲಿ ಟೀಚರು. ಅವಳಿಗೆ ಈ ಕಡೆ ವರ್ಗವಾಗಲಿಲ್ಲ, ನನಗೆ ಆ ಕಡೆ ವರ್ಗವಾಗಲಿಲ್ಲ. ಹಾಗಾಗಿ ವಾರವಿಡೀ ಹಳಿಯಾಳದ ಒಂದು ಖೋಲಿಯಲ್ಲಿ ನಾನೊಬ್ಬನೇ. ಮೊದಮೊದಲು ಸ್ವಂತ ಅಡುಗೆಗೆ ಕೈ ಹಾಕಿದೆ. ನಾನು ಮಾಡಿದ ಸಾರನ್ನು ನಾನೇ ತಿನ್ನಬೇಕಾಗಿ ಬಂದಾಗ ಜ್ಞಾನೋದಯವಾಗಿ, ಶಾಂತಕ್ಕನ ಖಾನಾವಳಿ ಹುಡುಕಿಕೊಂಡು ಹೋದೆ. ಉದ್ದನೆಯ ಎರಡು ಬೆಂಚು, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು, ತಾಟಿನ ಅಂಚಿನಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ನಡುವೆ ಎಣ್ಣೆಯಲ್ಲಿ ಮಿಂದು ಕೂತ ಬದನೆಕಾಯಿ. ಆ ಬದನೆಕಾಯಿ ತಿಂದ ಮೇಲೆ ವರ್ಗದ ಅರ್ಜಿ ಹಾಕುವುದನ್ನೂ ನಾನು ಮರೆತೆ. ಇದು ಮನೆಯವಳಿಗೆ ಗೊತ್ತಿಲ್ಲ. ಸಾಲದ್ದಕ್ಕೆ, ಕಚೇರಿಯಲ್ಲಿ ಬರೀ ಗುಮಾಸ್ತನಾದ ನನ್ನನ್ನು ಶಾಂತಕ್ಕ ‘ಸಾಹೇಬ್ರ’ ಎಂದು ಕರೆಯುತ್ತಾಳೆ. ಅದೊಂದಕ್ಕೇ ಎರಡು ರೊಟ್ಟಿ ಹೆಚ್ಚು ಹೋಗುತ್ತವೆ.

ಹೀಗಿರುವಾಗ ಬಸ್‌ಸ್ಟ್ಯಾಂಡಿನ ಆಚೆ ಒಂದು ಹೊಸ ಹೋಟೆಲು ಬಂತು. ದಾಂಡೇಲಿಗೆ ಹೋಗುವ ಪ್ರವಾಸಿಗರನ್ನು ನಂಬಿ ಕಾರವಾರದ ಕಡೆಯವರೊಬ್ಬರು ತೆಗೆದದ್ದು. ಗಾಜಿನ ಬಾಗಿಲು, ಮೆತ್ತನೆಯ ಕುರ್ಚಿ, ತಂಪು ಗಾಳಿ. ದಿನಾ ಅದರ ಮುಂದೆ ಹಾಯುವಾಗ ಮೂಗಿಗೆ ಬೆಣ್ಣೆಯ ವಾಸನೆ ಬಡಿಯುತ್ತಿತ್ತು. ಒಂದು ಮಳೆಯ ಸಂಜೆ, ಅಕ್ಕಪಕ್ಕ ನೋಡಿ, ಛತ್ರಿ ಮುಖಕ್ಕೆ ಅಡ್ಡ ಹಿಡಿದುಕೊಂಡು ಒಳಗೆ ನುಗ್ಗಿದೆ. ಮೆನು ಕಾರ್ಡು ನಮ್ಮ ಕಚೇರಿಯ ಕಡತಕ್ಕಿಂತ ದಪ್ಪ. ಬಾಯಿಗೆ ಬಂದದ್ದು ಹೇಳಿದೆ, ನಾನ್ ಮತ್ತು ಪನೀರು ಬಂದವು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇದ್ದವು. ವೇಟರು ಬಂದು, "ಇನ್ನೊಂದು ನಾನ್ ತರ್ಲಾ ಸರ್?" ಎಂದು ಕೇಳಿದ. ನಾನು ಸಂಪ್ರದಾಯದಂತೆ "ಸಾಕು ಸಾಕು" ಎಂದೆ. ನಮ್ಮ ಕಡೆ ಮೊದಲ ‘ಸಾಕು’ ಬರೀ ಮರ್ಯಾದೆಗೆ ಹೇಳುವುದು. ಎರಡನೆಯದು ಬಡಿಸುವವರ ಒತ್ತಾಯ ನೋಡುವುದಕ್ಕೆ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ಮುಂದಕ್ಕೆ ಬಾಗಿದಾಗ ಮಾತ್ರ ಅದು ನಿಜವಾದ ಸಾಕು, ಆಗಲೂ ಬೆರಳ ಸಂದಿಯಿಂದ ಅರ್ಧ ರೊಟ್ಟಿ ಒಳಗೆ ಬಿದ್ದಿರುತ್ತದೆ. ಆ ಪುಣ್ಯಾತ್ಮ ನನ್ನ ಮೊದಲ ‘ಸಾಕು’ವನ್ನೇ ನಂಬಿ ತಟ್ಟೆ ಎತ್ತಿಕೊಂಡು ಹೋದ. ಅರೆಹೊಟ್ಟೆಯಲ್ಲಿ ಕೈ ತೊಳೆದು ಖೋಲಿಗೆ ಬಂದು ಬಿಸ್ಕಿಟು ತಿಂದು ಮಲಗಿದೆ. ಛತ್ರಿ ಅಲ್ಲಿಯೇ ಬಿಟ್ಟಿದ್ದು ನೆನಪಾಗಲಿಲ್ಲ, ಮಳೆ ನಿಂತಿತ್ತಲ್ಲ.

ಮರುದಿನ ಮಧ್ಯಾಹ್ನ ಬೆಂಚಿನ ಮೇಲೆ ಕೂಡುವುದಕ್ಕೂ ಬಿಡದೆ ಶಾಂತಕ್ಕ ಕೇಳಿದಳು. "ಯಾಕ್ರೀ ಸಾಹೇಬ್ರ, ನಿನ್ನಿ ಸಂಜಿಮುಂದ ಬರಲೇ ಇಲ್ಲ? ನಿಮ್ಮ ಪಾಲಿನ ರೊಟ್ಟಿ ಹಂಗ ಉಳದ್ವು."

"ಹೊಟ್ಟಿ ಸ್ವಲ್ಪ ಸರಿ ಇದ್ದಿಲ್ರಿ ಶಾಂತಕ್ಕ," ಎಂದುಬಿಟ್ಟೆ.

ಅವಳ ಮುಖ ಸಪ್ಪಗಾಯಿತು. ತಿರುಗಿ ಒಳಗೆ ಹೋದಳು. ರೊಟ್ಟಿಗಾಗಿ ಕಾದು ಕೂತವನ ಮುಂದೆ ಮೆತ್ತಗೆ ಬೆಂದ ಅನ್ನ, ನೀರು ಮಜ್ಜಿಗೆ, ಎರಡು ಕಾಳು ಉಪ್ಪು ಬಂದವು. ನನ್ನ ಪಕ್ಕದಲ್ಲಿ ಯಾವಾಗಲೂ ಕೂಡುವವನು ಬಸ್ತ್ಯಾಂವ, ಊರ ಹೊರಗಿನ ಸಿದ್ದಿ ಹಳ್ಳಿಯವನು, ಟೆಂಪೋ ಓಡಿಸುತ್ತಾನೆ. ಅವನು ಕಡಲೆಹಿಟ್ಟಿನ ಝುಣಕದಲ್ಲಿ ರೊಟ್ಟಿ ಅದ್ದುತ್ತ, "ಹೊಟ್ಟಿ ಜ್ವಾಕಿ ಮಾಡ್ರಿ ಸಾಹೇಬ್ರ. ಹೊಟ್ಟಿ ಇದ್ರ ರೊಟ್ಟಿ," ಎಂದು ಸಮಾಧಾನ ಹೇಳಿದ. ಅವನ ಚಟ್ನಿಗೆ ನಾನು ಕಳ್ಳಗೈ ಹಾಕಿದಾಗ ತಾಟನ್ನೇ ಆಚೆ ಸರಿಸಿಕೊಂಡ, ನನ್ನ ಒಳ್ಳೆಯದಕ್ಕೇ.

ಮರುದಿನ ಎದೆಯುಬ್ಬಿಸಿ, "ಈಗ ಪೂರಾ ಆರಾಮ ಆಗೇನ್ರಿ," ಎಂದೆ. ಉಪಯೋಗವಾಗಲಿಲ್ಲ. "ಹೊಟ್ಟಿ ಮಾತ ನಂಬಬಾರದ್ರಿ," ಎಂದು ಮತ್ತೆ ಅದೇ ಅನ್ನ ಬಡಿಸಿದಳು. ಅದರ ಮರುದಿನವೂ ಅದೇ. ಊಟಕ್ಕೆ ಬಂದ ಪ್ರತಿಯೊಬ್ಬರೂ ನನ್ನ ಹೊಟ್ಟೆಯ ಕ್ಷೇಮಸಮಾಚಾರ ಕೇಳಿಯೇ ಕೈ ತೊಳೆಯುತ್ತಿದ್ದರು. ಶಾಂತಕ್ಕ ಮಾತ್ರ ದೂರದಿಂದ ನನ್ನನ್ನೇ ನೋಡುತ್ತ ನಿಲ್ಲುತ್ತಿದ್ದಳು, ಒಮ್ಮೆ ಮೆಲ್ಲಗೆ, "ಅವತ್ತ ಮಧ್ಯಾಹ್ನ ಇಲ್ಲೆ ಏನೇನ ಉಂಡಿದ್ರಿ?" ಎಂದೂ ಕೇಳಿದಳು. ಬೆಂಚಿನ ತುಂಬ ಇನ್ನೊಂದು ಗೊಣಗಾಟ ಶುರುವಾಗಿತ್ತು. ಎಣ್ಣೆ ಬದನೆಕಾಯಿ ತಾಟಿನಿಂದ ಮಾಯವಾಗಿತ್ತು, ಕೇಳಿದರೆ ಪೇಟೆಯಲ್ಲಿ ಒಳ್ಳೇ ಕಾಯಿ ಸಿಗುತ್ತಿಲ್ಲ ಎನ್ನುತ್ತಿದ್ದಳು. ನಾನೋ ನನ್ನ ಮೆತ್ತಗಿನ ಅನ್ನದ ದುಃಖದಲ್ಲಿದ್ದೆ, ಅತ್ತ ಕಡೆ ಲಕ್ಷ್ಯವೇ ಕೊಡಲಿಲ್ಲ.

ಹೀಗೆಯೇ ವಾರ ಕಳೆಯುತ್ತ ಬಂದಿತ್ತು. ನಾನು ಮಜ್ಜಿಗೆಯಲ್ಲಿ ಕೈಯಾಡಿಸುತ್ತ ಕೂತಿದ್ದಾಗ ಆ ಹೊಸ ಹೋಟೆಲಿನ ಮಾಲೀಕರೇ ಒಳಗೆ ಬಂದರು. ದಿನಾ ಬೆಣ್ಣೆ ಪನೀರು ತಿಂದು ಅವರಿಗೂ ಬೇಸರ ಬಂದಿತ್ತಂತೆ, ಕೆಲವು ದಿನದಿಂದ ರೊಟ್ಟಿ ಊಟಕ್ಕೆ ಇಲ್ಲಿಗೇ ಬರುತ್ತಿದ್ದರಂತೆ. ನನ್ನ ಹೊತ್ತಿಗೆ ಬಂದದ್ದು ಅವತ್ತೇ ಮೊದಲು. ನನ್ನನ್ನು ಕಂಡವರೇ ಮುಖ ಅರಳಿಸಿ, "ಓ ಸರ್, ಅವತ್ತು ಸಂಜೆ ನಮ್ಮಲ್ಲಿ ಊಟಕ್ಕೆ ಬಂದಿದ್ರಲ್ಲ, ನಿಮ್ಮ ಛತ್ರಿ ಅಲ್ಲೇ ಉಂಟು," ಎಂದರು.

ಬೆಂಚಿನ ತುಂಬ ಕತ್ತುಗಳು ನನ್ನ ಕಡೆ ತಿರುಗಿದವು. ಬಸ್ತ್ಯಾಂವ ನನ್ನ ಅನ್ನ ನೋಡಿದ, ನನ್ನ ಮುಖ ನೋಡಿದ. ಶಾಂತಕ್ಕ ಕೈಯಲ್ಲಿನ ಸೌಟು ಕೆಳಗಿಟ್ಟು ಹತ್ತಿರ ಬಂದಳು.

"ಅಂದ್ರ ನಿಮ್ಮ ಹೊಟ್ಟಿ ಕೆಟ್ಟಿದ್ದಿಲ್ಲ?"

"ಇಲ್ರಿ."

"ನನ್ನ ಬದನಿಕಾಯಿ ತಿಂದು ಹಂಗಾಗಿದ್ದಲ್ಲ?"

"ಅಲ್ರಿ ಶಾಂತಕ್ಕ."

ಅವಳು ಅಲ್ಲಿಯೇ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವತ್ತಿಂದ ನಾ ಬದನಿಕಾಯಿ ಮುಟ್ಟಿಲ್ರಿ. ಇದ್ದ ಎಣ್ಣಿ ಚೆಲ್ಲಿ ಹೊಸಾದು ತಂದೆ, ಮಸಾಲಿ ಚೆಲ್ಲಿದೆ. ಇಷ್ಟ ಮಂದಿ ನನ್ನ ನಂಬಿ ಉಣ್ಣಾಕ ಬರ್ತಾರ, ಒಬ್ಬರಿಗೆ ಕೇಡಾದ್ರೂ ನಾ ನಾಳಿಗೆ ಒಲಿ ಹೆಂಗ ಹಚ್ಚಲಿ ಅಂತ ಜೀವ ಹಾರಿಹೋಗಿತ್ತು." ಆಮೇಲೆ ನಕ್ಕಳು. "ಬ್ಯಾರೆ ಕಡೆ ಉಣ್ಣೂದಿದ್ರ ಹೇಳಿ ಹೋಗ್ರಿ, ನಾ ಏನ ನಿಮ್ಮನ್ನ ಕಟ್ಟಿ ಹಾಕೇನೇನು? ಹೊಟ್ಟಿ ಹೆಸರ ಮಾತ್ರ ಹೇಳಬ್ಯಾಡ್ರಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾನು ರೊಟ್ಟಿಗಾಗಿ ಒದ್ದಾಡುತ್ತಿದ್ದಾಗ ಆಕೆ ತನ್ನ ಕೈಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡು ಕೂತಿದ್ದಳು. ಆದರೂ ನಿಜ ಹೇಳಬೇಕೆಂದರೆ ನಾಚಿಕೆಗಿಂತ ದೊಡ್ಡದಾಗಿ ಬಂದದ್ದು ನಿರಾಳ, ಅವಳಿಗೂ ನನಗೂ. ಮಜ್ಜಿಗೆ ಅನ್ನದ ತಾಟು ಹೋಯಿತು, ಬಿಸಿ ರೊಟ್ಟಿ ಬಂತು. ಮರುದಿನ ಬದನೆಕಾಯಿಯೂ ಬಂತು. ಇಡೀ ಬೆಂಚು ನನ್ನನ್ನು ಕ್ಷಮಿಸಿತು. ಛತ್ರಿಯೂ ಖೋಲಿಗೆ ಬಂತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೊನ್ನೆ ಕಚೇರಿಯಲ್ಲಿ ಯಾರದೋ ಬೀಳ್ಕೊಡುಗೆ ಇತ್ತು. ಪುಕ್ಕಟೆ ಮೆಣಸಿನಕಾಯಿ ಭಜಿಯನ್ನು ಕಂಠಮಟ್ಟ ತಿಂದು ಮರುದಿನ ಖರೇ ಖರೇ ಹೊಟ್ಟೆ ಕೆಟ್ಟಿತು. ಬೆಂಚಿನ ಮೇಲೆ ಮುದುಡಿ ಕೂತು, "ಶಾಂತಕ್ಕ, ಇವತ್ತ ಖರೇನ ಹೊಟ್ಟಿ ಸರಿ ಇಲ್ರಿ," ಎಂದೆ.

"ಹೌದೇನ್ರಿ? ಈ ಸಲ ಛತ್ರಿ ಎಲ್ಲಿ ಬಿಟ್ಟ ಬಂದೀರಿ?" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಸ್ತ್ಯಾಂವ. ನಾನು ಎರಡೂ ಕೈ ತಾಟಿಗೆ ಅಡ್ಡ ಹಿಡಿದು ಬಾಗಿ "ಸಾಕು" ಎಂದೆ, ನನ್ನ ಜೀವಮಾನದ ಅತ್ಯಂತ ಪ್ರಾಮಾಣಿಕ ‘ಸಾಕು’ ಅದು. ಬೆರಳ ಸಂದಿಯಿಂದ ರೊಟ್ಟಿ ಬಿತ್ತು, ಅದರ ಮೇಲೆ ಬದನೆಕಾಯಿ ಬಿತ್ತು. ಎದುರಿನ ಬೆಂಚಿನಲ್ಲಿ ಜ್ವರದಿಂದ ಎದ್ದ ಯಾರೋ ಒಬ್ಬರು ಮೆತ್ತಗಿನ ಅನ್ನ ಮಜ್ಜಿಗೆ ಉಣ್ಣುತ್ತಿದ್ದರು. ಹಬ್ಬದ ಹೋಳಿಗೆಯನ್ನೂ ನಾನು ಅಷ್ಟು ಆಸೆಯಿಂದ ನೋಡಿದವನಲ್ಲ.