ಒಂದೂವರೆ ಆಮ್ಲಜನಕ

ನಮ್ಮ ಫ್ರೀಸ್‌ಲಾಂಡಿನ ಶಾಲೆಯಲ್ಲಿ ಎಲ್ಲರೂ ಒಪ್ಪದೆ ಯಾವ ನಿರ್ಧಾರವೂ ಆಗತಕ್ಕದ್ದಲ್ಲ. ರಸಾಯನಶಾಸ್ತ್ರಕ್ಕೆ ಇದರಿಂದ ವಿನಾಯಿತಿ ಇದೆಯೆಂದು ಎಲ್ಲಿಯೂ ಹೇಳಿಲ್ಲ.

ನಾನು ಶಾಲಾ ಸಮಿತಿಯ ಸದಸ್ಯ, ನಿಂಕೆಯ ಅಜ್ಜನೂ ಹೌದು. ಮೊಮ್ಮಗಳು ರಸಾಯನಶಾಸ್ತ್ರದಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದಳು. ಈ ಸಲ ಪಾಸಾದರೆ ರೂಢಿಯಂತೆ ಬಾವುಟದ ಜತೆ ಅವಳ ಶಾಲೆಯ ಚೀಲವನ್ನೂ ಕಂಬಕ್ಕೆ ಏರಿಸಬಹುದು. ನಾನಂತೂ ಕಂಬಕ್ಕೆ ಆಗಲೇ ಬಣ್ಣ ಬಳಿದು ಕೂತಿದ್ದೆ. ಅವಳು ಚಳಿಗಾಲವೆಲ್ಲ ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ಹರಡಿಕೊಂಡು ಸಮೀಕರಣ ಸರಿದೂಗಿಸುವುದನ್ನು ಕಲಿತಳು. ಬಾಣದ ಗುರುತಿನ ಎಡಕ್ಕೆ ಎಷ್ಟು ಬಟಾಣಿಯೋ ಬಲಕ್ಕೂ ಅಷ್ಟೇ ಇರಬೇಕು. ಕಲಿಕೆ ಮುಗಿದ ಮೇಲೆ ಅದೇ ಬಟಾಣಿ ಸೂಪಿಗೆ ಹೋಗುತ್ತಿತ್ತು.

ಪರೀಕ್ಷೆಯಲ್ಲಿ ನೀರಿನ ಸಮೀಕರಣ ಬಂತು. ಎಡಕ್ಕೆ ಆಮ್ಲಜನಕ ಎರಡು, ಬಲಕ್ಕೆ ಒಂದು. ನಿಂಕೆ ಜಲಜನಕದ ಮುಂದೊಂದು ಎರಡು, ನೀರಿನ ಮುಂದೊಂದು ಎರಡು ಬರೆದು ಸರಿದೂಗಿಸಿದಳು. ರಸಾಯನಶಾಸ್ತ್ರದ ವೀಬೆ ಮೇಷ್ಟ್ರು ಸರಿ ಎಂದರು. ಯಾರನ್ನೂ ಕೇಳದೆ ಮೇಷ್ಟ್ರು ಒಬ್ಬರೇ ಸರಿ ಎಂದದ್ದು ಹೇಗೆ ಎಂದು ಫೇಲಾದವರ ತಂದೆತಾಯಿಗಳು ತಕರಾರು ತೆಗೆದರು. ತಕರಾರು ನ್ಯಾಯವಾಗಿಯೇ ಇತ್ತು. ಸಭೆ ಸೇರಿತು.

ಕಾಫಿ ಬಂತು. ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಲಾಯಿತು.

"ಎಡಗಡೆಯವರ ಹತ್ರ ಎರಡಿದೆ, ಬಲಗಡೆಯವರ ಹತ್ರ ಒಂದು. ಇದಕ್ಯಾಕೆ ಜಗಳ? ತಲಾ ಒಂದೂವರೆ ಮಾಡಿಬಿಡೋಣ," ಎಂದರು ಮುಖ್ಯೋಪಾಧ್ಯಾಯಿನಿ ಆಫ್ಕೆ.

"ಮೇಡಂ, ಒಂದೂವರೆ ಆದ್ರೆ ಅದು ನೀರೇ ಅಲ್ಲ," ಎಂದರು ವೀಬೆ ಮೇಷ್ಟ್ರು.

"ನೀರಿನ ವಿಷಯ ನಮಗೆ ಹೇಳ್ಕೊಡ್ತೀರಾ? ಸಮುದ್ರಕ್ಕಿಂತ ಕೆಳಗೆ ಮನೆ ಕಟ್ಕೊಂಡಿರೋರು ನಾವು!"

ಮೇಷ್ಟ್ರು ಉತ್ತರಪತ್ರಿಕೆಯನ್ನು ಮೇಜಿನ ಮೇಲಿಟ್ಟು ನಿಂಕೆಯನ್ನು ಕರೆಸಿದರು.

"ಎಣಿಸಿ ನೋಡಿ ಮೇಡಂ, ಎರಡೂ ಕಡೆ ಸಮ ಇದೆ!"

"ಸಮ ಇದೆ ಕಣಮ್ಮ, ಇಲ್ಲ ಅಂದೋರು ಯಾರು? ಆದ್ರೆ ಯಾರೂ ಏನೂ ಬಿಟ್ಟುಕೊಟ್ಟಿಲ್ವಲ್ಲ?"

"ಅಜ್ಜ, ನೀನಾದ್ರೂ ಹೇಳು!"

ಮೊಮ್ಮಗಳ ಪರ ಮಾತಾಡಬೇಕೆನಿಸಿತು. ಆದರೆ ಬಿಸ್ಕತ್ತು ತಿಂದಾಗಿತ್ತು. "ಎರಡೂ ಕಡೆ ನೋಡ್ಬೇಕಲ್ಲಮ್ಮ," ಎಂದೆ.

ಠರಾವು ಹೀಗಿತ್ತು: "ಇನ್ನು ಮುಂದೆ ಬಾಣದ ಉಭಯ ಪಕ್ಷಗಳೂ ಸಮಾಲೋಚಿಸಿ ಕೊರತೆಯನ್ನು ಸರಿಪಾಲು ಹಂಚಿಕೊಳ್ಳತಕ್ಕದ್ದು. ಬಾಣದ ಮೇಲೆ ಒತ್ತಡ ಹೇರತಕ್ಕದ್ದಲ್ಲ. ಕುಮಾರಿ ನಿಂಕೆಯ ಉತ್ತರವು ಸರಿಯೆಂದು ಮೇಷ್ಟ್ರೂ ತಪ್ಪೆಂದು ಸಮಿತಿಯೂ ಅಭಿಪ್ರಾಯಪಟ್ಟಿರುವುದರಿಂದ, ಆಕೆಯನ್ನು ಅರ್ಧ ಪಾಸು ಎಂದು ಘೋಷಿಸಲಾಗಿದೆ." ಎಲ್ಲರೂ ಕೈ ಎತ್ತಿದೆವು. ವೀಬೆ ಮೇಷ್ಟ್ರೂ ಎತ್ತಿದರು, ಎತ್ತದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ.

ಅರ್ಧ ಪಾಸಿಗೆ ಚೀಲವನ್ನು ತುದಿಯವರೆಗೆ ಏರಿಸುವುದು ಸರಿಯಲ್ಲ. ಬಾವುಟವನ್ನೂ ಚೀಲವನ್ನೂ ಅರ್ಧ ಕಂಬಕ್ಕೆ ನಿಲ್ಲಿಸಿದೆ. ಅದನ್ನು ಕಂಡು ಪಕ್ಕದ ಮನೆಯ ದೌವೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದ.

"ಯಾರಪ್ಪಾ ಹೋಗಿದ್ದು?"

"ರಸಾಯನಶಾಸ್ತ್ರ," ಎಂದಳು ನಿಂಕೆ, ಸೂಪು ಕಲಕುತ್ತ.

"ಅಯ್ಯೋ ಪಾಪ. ವಯಸ್ಸಾಗಿತ್ತು, ಅಲ್ವಾ?"

ದೌವೆ ಕುರ್ಚಿ ಎಳೆದುಕೊಂಡು ಕೂತ. ಅವನಿಗೆ ಕಾಫಿ ಬಗ್ಗಿಸಿ, ಒಂದು ಬಿಸ್ಕತ್ತು ಕೊಟ್ಟು, ಡಬ್ಬಿ ಮುಚ್ಚಿದೆ.