ಮಡಚಲೊಲ್ಲದ ಚಾಕು

ಸದ್ದಪ್ಪನ ಭಾವಮೈದ ಜೀವಮಾನದಲ್ಲಿ ಒಂದು ಈರುಳ್ಳಿ ಹೆಚ್ಚಿದವನಲ್ಲ. ಆದರೆ ಚಾಕುವಿನ ವಿಷಯಕ್ಕೆ ಬಂದರೆ ಅವನಷ್ಟು ತಿಳಿದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಎಲ್ಲಾ ಫೋನಿನಲ್ಲಿ ನೋಡಿ ನೋಡಿ ಸಂಪಾದಿಸಿದ ವಿದ್ಯೆ. ಅದನ್ನು ಧಾರೆಯೆರೆಯಲು ಅವನಿಗೊಬ್ಬ ಶಿಷ್ಯ ಬೇಕಾಗಿದ್ದ. ಸರಿಯಾಗಿ ಅದೇ ಹೊತ್ತಿಗೆ, ರೈಲು ಹಳಿ ಪಕ್ಕದ ಗಲ್ಲಿಯಲ್ಲಿ ಮೇಲಿನ ಮನೆಯಾಕೆಯ ಫೋನನ್ನು ಯಾರೋ ಕಿತ್ತುಕೊಂಡು ಓಡಿದರು.

"ನೀವು ದಿನಾ ಆ ಗಲ್ಲೀಲೇ ಅಲ್ವೇನ್ರೀ ಬರೋದು?" ಎಂದಳು ಹೆಂಡತಿ ಮರುದಿನ ಬೆಳಿಗ್ಗೆ. "ಯಾರಾದ್ರೂ ಅಡ್ಡ ಬಂದ್ರೆ ಏನ್ಮಾಡ್ತೀರ?"

ಸದ್ದಪ್ಪ ಯೋಚಿಸಿದ. "ದಾರಿ ಬಿಡ್ತೀನಿ."

ಅವನ ನಿಜವಾದ ಹೆಸರು ಬೇರೆ ಇತ್ತು. ಗ್ರಂಥಾಲಯದ ಓದುವ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೂತು, ಯಾರಾದರೂ ಪಿಸುಗುಟ್ಟಿದಾಗಲೆಲ್ಲ "ಸದ್ದು..." ಎಂದು ಹೇಳಿ ಹೇಳಿ ಈ ಹೆಸರು ಅಂಟಿಕೊಂಡಿತ್ತು. ಅದನ್ನೂ ಎಷ್ಟು ಮೆಲ್ಲಗೆ ಹೇಳುತ್ತಿದ್ದನೆಂದರೆ, ಮಾತಾಡುತ್ತಿದ್ದವರು ತಮ್ಮ ಮಾತು ನಿಲ್ಲಿಸಿ "ಏನಂದ್ರಿ?" ಎಂದು ಕಿವಿಗೊಡಬೇಕಾಗುತ್ತಿತ್ತು. ಕೋಣೆ ನಿಶ್ಶಬ್ದವಾಗುತ್ತಿದ್ದುದು ಹಾಗೆ.

"ಭಾವ, ನಿಮಗೆ ಬೇಕಾಗಿರೋದು ಒಂದು ಮಡಚೋ ಚಾಕು," ಎಂದು ಭಾವಮೈದ ತೀರ್ಪು ಕೊಟ್ಟ. "ದಿನಾ ಜೇಬಲ್ಲಿರ್ಬೇಕು, ಕನ್ನಡಕ ಇದ್ದ ಹಾಗೆ. ಮೂರು ಇಂಚಿಗಿಂತ ಉದ್ದ ಬೇಡ, ಬಸ್ಸಲ್ಲಿ ಕೂತ್ರೆ ತೊಡೆಗೆ ಒತ್ತುತ್ತೆ. ಒಂದೇ ಕೈಯಲ್ಲಿ ಬಿಚ್ಚೋಕೆ ಬರಬೇಕು. ಎಲ್ಲಕ್ಕಿಂತ ಮುಖ್ಯ ಲಾಕು. ಲಾಕು ಗಟ್ಟಿ ಇಲ್ದೆ ಇದ್ರೆ ಅದು ಹಿಂದಕ್ಕೆ ಮಡಚಿಕೊಂಡು ನಿಮ್ಮ ಬೆರಳನ್ನೇ ಕತ್ತರಿಸುತ್ತೆ."

"ಅಷ್ಟೆಲ್ಲ ಯಾಕಪ್ಪಾ? ಪೆನ್ಸಿಲ್ ಹೆರೆಯೋ ಚಾಕು ಒಂದಿದೆ ನನ್ನ ಹತ್ರ."

"ಅದನ್ನ ತೋರಿಸಿದ್ರೆ ಕಳ್ಳ ನಿಮ್ಮ ಕೈಗೆ ಪೆನ್ಸಿಲ್ ಕೊಡ್ತಾನೆ."

ಹೆಂಡತಿ ನಕ್ಕಳು. ಹೆಂಡತಿ ನಕ್ಕ ಮೇಲೆ ಸದ್ದಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ಪೇಟೆಯ ಬೀಗ-ಕತ್ತರಿಗಳ ಅಂಗಡಿಗೆ ಹೋದ.

ಗಾಜಿನ ಪೆಟ್ಟಿಗೆಯೊಳಗೆ ಚಾಕುಗಳು ಹಲ್ಲಿನ ಡಾಕ್ಟರ ಸಾಮಾನಿನ ಹಾಗೆ ಸಾಲಾಗಿ ಮಲಗಿದ್ದವು. ನೋಡಿದ ಕೂಡಲೇ ಸದ್ದಪ್ಪನ ದವಡೆ ಜುಮ್ಮೆಂದಿತು. ಅಂಗಡಿಯ ಯಜಮಾನಿ, ವಯಸ್ಸಾದ ಹೆಂಗಸು, ಕನ್ನಡಕದ ಮೇಲಿಂದ ಅವನನ್ನು ನೋಡಿದಳು.

"ಯಾವ ಕೆಲಸಕ್ಕೆ?"

"ದಿನಬಳಕೆಗೆ."

"ದಿನಾ ಏನು ಕತ್ತರಿಸ್ತೀರ?"

ಸದ್ದಪ್ಪ ತನ್ನ ದಿನಗಳನ್ನೆಲ್ಲ ಒಮ್ಮೆ ನೆನೆದುಕೊಂಡ. ಪುಸ್ತಕದ ಕಟ್ಟು ಬಂದಾಗ ಹುರಿ ಕತ್ತರಿಸುತ್ತಿದ್ದ. ಅದು ವರ್ಷಕ್ಕೆ ಎರಡು ಸಲ. "ಆತ್ಮರಕ್ಷಣೆಗೂ ಆಗಬೇಕು," ಎಂದು ಗಂಟಲೊಳಗೇ ಹೇಳಿದ.

"ಅದಕ್ಕಾದ್ರೆ ಸೀಟಿ ತಗೊಳ್ಳಿ ಸ್ವಾಮಿ. ಊದಿ, ಓಡಿ. ನಾನು ನಲವತ್ತು ವರ್ಷದಿಂದ ಚಾಕು ಮಾರ್ತಿದೀನಿ, ನನ್ನ ಚೀಲದಲ್ಲಿರೋದು ಸೀಟಿ."

ಸದ್ದಪ್ಪನಿಗೆ ಅವಮಾನವಾಯಿತು. ಹತ್ತೊಂಬತ್ತು ವರ್ಷ ಸದ್ದಡಗಿಸಿ ಬಾಳಿದವನು ಈಗ ಸೀಟಿ ಊದಿಕೊಂಡು ಬೀದಿಯಲ್ಲಿ ಓಡುವುದೇ? "ಚಾಕೇ ಕೊಡಿ," ಎಂದ.

ಪಕ್ಕದಲ್ಲಿ ನಲ್ಲಿಯ ವಾಷರು ಆರಿಸುತ್ತಿದ್ದ ಪ್ಲಂಬರ್ ತಲೆಯೆತ್ತಿದ. "ನುಣುಪಾದ ಹಿಡಿ ಬೇಡ ಸಾರ್. ಹೆದರಿಕೆಗೆ ಕೈ ಬೆವರಿ ಜಾರುತ್ತೆ. ತರಿ ತರಿ ಇರೋದು ತಗೊಳ್ಳಿ."

"ನಾನು ಹೆದರದೇ ಇದ್ರೆ?"

"ಹೆದರದೇ ಇರೋರು ಇಲ್ಲಿಗ್ಯಾಕೆ ಬರ್ತಾರೆ ಸಾರ್?"

ಕೊನೆಗೆ ತರಿ ಹಿಡಿಯ, ಮೂರಂಗುಲದ, ಕಪ್ಪು ಚಾಕುವೊಂದು ನಿಶ್ಚಯವಾಯಿತು. ಯಜಮಾನಿ ಹೆಬ್ಬೆರಳಿನಿಂದ ಒಂದು ಗುಬುಟನ್ನು ತಳ್ಳಿದಳು. ಟಕ್! ಅಲಗು ಎದ್ದು ನಿಂತಿತು. "ಲಾಕು ನೋಡಿ. ಆನೆ ಹತ್ತಿ ನಿಂತ್ರೂ ಮಡಚಲ್ಲ." ಅವಳು ಅದನ್ನು ಮಡಚಿ ಡಬ್ಬಿಗೆ ಹಾಕುವಾಗ ಸದ್ದಪ್ಪ ಗೋಡೆಯ ಗಡಿಯಾರ ನೋಡುತ್ತಿದ್ದ. ಹತ್ತಕ್ಕೆ ಐದು ನಿಮಿಷವಿತ್ತು. ಅವನು ಒಂದು ದಿನವೂ ತಡವಾಗಿ ಕೆಲಸಕ್ಕೆ ಹೋದವನಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಓದುವ ಕೋಣೆಯಲ್ಲಿ ಪತ್ರಿಕೆ ಓದುವ ಪಿಂಚಣಿದಾರರು ಏಳು ಜನರಿದ್ದರು. ಸದ್ದಪ್ಪ ಮೇಜಿನ ಕೆಳಗೆ ಡಬ್ಬಿ ತೆರೆದು, ಚಾಕು ಹಿಡಿದು, ಗುಬುಟು ತಳ್ಳಿದ.

ಟಕ್!

ಏಳು ಪತ್ರಿಕೆಗಳು ಒಟ್ಟಿಗೆ ಕೆಳಗಿಳಿದವು. ಅಭ್ಯಾಸಬಲದಿಂದ ಸದ್ದಪ್ಪನೇ "ಸದ್ದು..." ಎಂದ.

ಬಿಚ್ಚುವುದು ಇಷ್ಟು ಸುಲಭವೆಂದು ಅವನು ಅಂದುಕೊಂಡಿರಲಿಲ್ಲ. ಮನಸ್ಸು ಉಬ್ಬಿತು. ಇನ್ನು ಮಡಚಬೇಕು. ಮಡಚಲಿಲ್ಲ. ಅಲಗಿನ ಬೆನ್ನನ್ನು ಅಂಗೈಯಿಂದ ಒತ್ತಿದ. ಮೇಜಿಗೆ ಆನಿಸಿ ಒತ್ತಿದ. ಗುಬುಟನ್ನು ಹಿಂದಕ್ಕೆಳೆದ. ಯಜಮಾನಿ ಸುಳ್ಳು ಹೇಳಿರಲಿಲ್ಲ. ಆನೆಯಿಂದ ಆಗದ್ದು ಗ್ರಂಥಾಲಯದ ಗುಮಾಸ್ತನಿಂದ ಆದೀತೇ?

ಮೊದಲು ಬಂದವನು ಕಾವಲುಗಾರ. ಸೈನ್ಯದಲ್ಲಿದ್ದು ನಿವೃತ್ತನಾದವನು. ಚಾಕುವನ್ನು ಕೈಯಲ್ಲಿ ತೂಗಿ ನೋಡಿದ.

"ಸೈನ್ಯದಲ್ಲಿ ಇದನ್ನ ಹೇಗೆ ಮಡಚ್ತಿದ್ರಿ?" ಎಂದು ಸದ್ದಪ್ಪ ಆಸೆಯಿಂದ ಕೇಳಿದ.

"ನಾವು ಮಡಚ್ತಾ ಇರಲಿಲ್ಲ," ಎಂದ ಕಾವಲುಗಾರ. ಅಷ್ಟೇ ಹೇಳಿ, ಚಾಕು ವಾಪಸು ಕೊಟ್ಟು, ಬಾಗಿಲಿಗೆ ಹೋಗಿ ಕೂತ.

ಪಿಂಚಣಿದಾರರಲ್ಲಿ ಒಬ್ಬರು ಎಂಜಿನಿಯರ್. ಮೂವತ್ತು ವರ್ಷ ಸೇತುವೆ ಕಟ್ಟಿಸಿದವರು. "ಇದು ವಿನ್ಯಾಸದ ದೋಷ," ಎಂದರು. "ಸ್ಕ್ರೂ ಬಿಚ್ಚಬೇಕು. ಸ್ಕ್ರೂಡ್ರೈವರ್ ಇದೆಯಾ?"

ಸ್ಕ್ರೂಡ್ರೈವರ್ ಇದ್ದದ್ದು ಮುಖ್ಯ ಗ್ರಂಥಪಾಲಕರ ಡ್ರಾಯರಿನಲ್ಲಿ. ಊಟದ ಹೊತ್ತು ಕಳೆದ ಮೇಲೆ, ಚಾಕುವನ್ನು ತೋರಿಸಿಯೇ ಕೇಳುವುದು ವಾಸಿ ಎಂದುಕೊಂಡು, ಸದ್ದಪ್ಪ ಅವರ ಕೋಣೆಗೆ ಹೋಗಿ ಒಳಗಿನಿಂದ ಬಾಗಿಲು ಮುಚ್ಚಿದ. ಗಾಳಿಗೆ ಬಾಗಿಲು ಬಡಿದು ಸದ್ದಾಗಬಾರದು, ಅದಕ್ಕೆ.

"ಸಾರ್, ಒಂದು ಸಣ್ಣ ವಿಷಯ ಇತ್ತು."

ಗ್ರಂಥಪಾಲಕರು ತಲೆಯೆತ್ತಿದರು. ಅವರ ಮೇಜಿನ ಮೇಲೆ ಸದ್ದಪ್ಪನ ರಜಾ ಅರ್ಜಿ ಮೂರು ತಿಂಗಳಿಂದ ಮಲಗಿತ್ತು.

"ರಜೆ ತಾನೆ?" ಎಂದರು, ಕುರ್ಚಿಯನ್ನು ಗೋಡೆಯವರೆಗೂ ಹಿಂದಕ್ಕೆ ಸರಿಸುತ್ತ. "ನಾನೇ ಕರೆದು ಕೊಡೋಣ ಅಂತಿದ್ದೆ. ನೋಡಿ, ಸೈನ್ ಮಾಡ್ತಿದೀನಿ. ಎಂಟು ದಿನ ಬರೆದಿದೀರಿ, ಹದಿನೈದು ಮಾಡಿದೀನಿ."

"ಅದಲ್ಲ ಸಾರ್, ನಿಮ್ಮ ಡ್ರಾಯರಿಂದ..."

"ಫ್ಯಾನಾ? ಫ್ಯಾನ್ ಕೇಳಿದ್ರಲ್ಲ ಬೇಸಿಗೇಲಿ! ಇದನ್ನೇ ತಗೊಳ್ಳಿ." ಅವರು ತಮ್ಮ ಮೇಜಿನ ಫ್ಯಾನಿನ ವೈರು ಕಿತ್ತು, ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದರು. "ಇವತ್ತು ಬೇಗ ಮನೆಗೆ ಹೋಗಿ. ಈಗಲೇ ಹೋಗಿ."

"ಬೇಡ ಸಾರ್, ಆರು ಗಂಟೆ ತನಕ ಡ್ಯೂಟಿ ಇದೆ."

ಗ್ರಂಥಪಾಲಕರು ಕಣ್ಣು ಮುಚ್ಚಿಕೊಂಡರು.

ಹೀಗೆ ಸದ್ದಪ್ಪ ಕೇಳಿದ್ದೊಂದು ಬಿಟ್ಟು ಉಳಿದದ್ದೆಲ್ಲ ಪಡೆದು ನಾಲ್ಕೂವರೆಗೇ ಹೊರಬಿದ್ದ. ಫ್ಯಾನನ್ನು ತನ್ನ ಮೇಜಿನ ಮೇಲಿಟ್ಟು, ಚಾಕುವಿಗೆ ಪತ್ರಿಕೆ ಸುತ್ತಿ, ಅಂಗಡಿಗೆ ಹೋದ. ಯಜಮಾನಿಯ ಅಂಗಡಿಗೆ ದೊಡ್ಡದೊಂದು ಬೀಗ ಬಿದ್ದಿತ್ತು. ಪಕ್ಕದ ಅಂಗಡಿಯವನು "ಮೊಮ್ಮಗಳ ಸ್ಕೂಲಿಗೆ ಹೋಗಿದಾರೆ, ಇವತ್ತು ಬರಲ್ಲ" ಎಂದ.

ಬಸ್ಸು ಹತ್ತಿದಾಗ ಚಾಕುವಿನ ತುದಿ ಪತ್ರಿಕೆಯನ್ನು ಸೀಳಿ ಹೊರಗಿಣುಕಿತು. ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಸದ್ದಪ್ಪನಿಗೆ ಮೂರು ಜನರ ಸೀಟು ಪೂರ್ತಿ ಸಿಕ್ಕಿತು. ಊರಲ್ಲಿ ಇನ್ನೂ ಮರ್ಯಾದೆ ಉಳಿದಿದೆ ಎಂದುಕೊಂಡ.

ಬಸ್ಸಿಳಿದು ಗಲ್ಲಿಯ ಬಾಯಿಗೆ ಬರುವಷ್ಟರಲ್ಲಿ ಪತ್ರಿಕೆ ಚಿಂದಿಯಾಗಿತ್ತು. ಅದನ್ನು ಎಸೆದು, ಸತ್ತ ಇಲಿಯ ಬಾಲ ಹಿಡಿದವನ ಹಾಗೆ ಚಾಕುವನ್ನು ಮೈಯಿಂದ ದೂರ ಹಿಡಿದುಕೊಂಡು ಗಲ್ಲಿಗಿಳಿದ. ಒಂದು ಪಕ್ಕ ಹಳಿಯ ಗೋಡೆ, ಇನ್ನೊಂದು ಪಕ್ಕ ಗೋದಾಮಿನ ಗೋಡೆ. ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕು, ಅಷ್ಟು ಇಕ್ಕಟ್ಟು.

ಎದುರಿನಿಂದ ಒಬ್ಬ ಕಟ್ಟುಮಸ್ತಾದ ಯುವಕ ಓಡಿಬರುತ್ತಿದ್ದ. ಕಂಕುಳಲ್ಲಿ ಹೆಂಗಸರ ಕೈಚೀಲ. ಹೆಂಡತಿ ಮರೆತು ಹೋದದ್ದನ್ನು ತಲುಪಿಸಲು ಓಡುತ್ತಿರಬೇಕು, ಒಳ್ಳೆಯ ಗಂಡ ಎಂದುಕೊಂಡ ಸದ್ದಪ್ಪ. ಅವನ ಕಣ್ಣು ಹೋದದ್ದು ಯುವಕನ ಹೆಬ್ಬೆರಳುಗಳ ಮೇಲೆ. ಏನು ಹೆಬ್ಬೆರಳು! ಈ ಚಾಕುವನ್ನು ಯಾರಾದರೂ ಮಡಚಬಲ್ಲವರಿದ್ದರೆ ಇವನೇ. ಸದ್ದಪ್ಪ ದಾರಿ ಬಿಡಲಿಲ್ಲ. ಗಲ್ಲಿಯ ನಡುವೆ ನಿಂತು, ಚಾಕುವನ್ನು ಮುಂದೆ ಚಾಚಿ, ತನ್ನ ಮೆಲುದನಿಯಲ್ಲಿ ಹೇಳಿದ:

"ಸ್ವಲ್ಪ ನಿಲ್ತೀರಾ? ಒಂದೇ ನಿಮಿಷದ ಕೆಲಸ. ಇವತ್ತೇ ಹೊಸದಾಗಿ ತಗೊಂಡಿದ್ದು, ನನಗಿನ್ನೂ ಅಭ್ಯಾಸ ಇಲ್ಲ."

ಯುವಕನ ಕಂಕುಳಿನಿಂದ ಚೀಲ ಜಾರಿ ಬಿತ್ತು. ಅವನು ಜೇಬಿನಿಂದ ಒಂದು ಫೋನು ತೆಗೆದು ಅದರ ಮೇಲಿಟ್ಟ. ಇನ್ನೊಂದು ಜೇಬಿನಿಂದ ಇನ್ನೆರಡು ಫೋನು ತೆಗೆದಿಟ್ಟ.

"ಅಯ್ಯೋ, ಅದೆಲ್ಲ ಬೇಡ," ಎಂದು ಸದ್ದಪ್ಪ ಒಂದು ಹೆಜ್ಜೆ ಮುಂದಿಟ್ಟ. "ನಿಮ್ಮ ಬೆರಳು ಸಾಕು."

ಆಳೆತ್ತರದ ಗೋಡೆಯನ್ನು ಯುವಕ ಯಾವಾಗ ಹತ್ತಿದ, ಯಾವಾಗ ಆಚೆಗೆ ಧುಮುಕಿದ, ಕಾಣಿಸಲೇ ಇಲ್ಲ. "ರೀ! ನಿಮ್ಮ ಸಾಮಾನು!" ಎಂದು ಸದ್ದಪ್ಪ ಕೂಗಿದ. ಜೀವನದಲ್ಲಿ ಮೊದಲ ಸಲ ಅಷ್ಟು ಜೋರಾಗಿ ಕೂಗಿದ್ದು. ಆಚೆಯಿಂದ ಓಟದ ಸದ್ದು ಇನ್ನೂ ಜೋರಾಯಿತು.

ಪಾಪ, ಬಿಟ್ಟುಹೋದನಲ್ಲ ಎಂದು ಸದ್ದಪ್ಪ ಚೀಲವನ್ನು ಹೆಗಲಿಗೇರಿಸಿ, ಫೋನುಗಳನ್ನು ಎಡಗೈಯಲ್ಲಿ ಹಿಡಿದು ನಿಂತ. ಬಲಗೈಯಲ್ಲಿ ಚಾಕು. ಅಷ್ಟರಲ್ಲಿ ಗಲ್ಲಿಯ ಆ ತುದಿಯಿಂದ ಜನ ನುಗ್ಗಿಬಂದರು. ಮುಂದೆ ಸಮವಸ್ತ್ರದ ಒಬ್ಬ ನರ್ಸು, ಅವಳ ಹಿಂದೆ ಒಬ್ಬ ಕಾನ್‌ಸ್ಟೇಬಲ್, ಅವನ ಹಿಂದೆ ಅರ್ಧ ಬೀದಿ. ಸದ್ದಪ್ಪನ ಹೆಂಡತಿಯೂ ಭಾವಮೈದನೂ ಅದರಲ್ಲಿದ್ದರು.

ಎಲ್ಲರೂ ನಿಂತರು. ಚೀಲ ನೋಡಿದರು. ಫೋನು ನೋಡಿದರು. ಚಾಕು ನೋಡಿದರು. ಸದ್ದಪ್ಪನಿಗೂ ತಾನು ಹೇಗೆ ಕಾಣುತ್ತಿರಬಹುದೆಂದು ಆಗ ಹೊಳೆಯಿತು. ಜೈಲಿನಲ್ಲಿ ಗ್ರಂಥಾಲಯ ಇರುತ್ತದಂತೆ ಎಂಬುದೊಂದೇ ಸಮಾಧಾನ ನೆನಪಾಯಿತು.

"ಇವರಲ್ಲ!" ಎಂದು ನರ್ಸು ಕೂಗಿದಳು. "ಅವನು ದಾಂಡಿಗ ಇದ್ದ. ಇವರು ಅವನ ಹತ್ರ ಕಿತ್ತುಕೊಂಡಿದಾರೆ! ಒಬ್ಬರೇ!"

ಮುಂದಿನ ಐದು ನಿಮಿಷ ಸದ್ದಪ್ಪನ ಬೆನ್ನು ತಟ್ಟದವರಿಲ್ಲ. ಹೆಂಡತಿ ಮದುವೆಯ ಫೋಟೋದಲ್ಲಿ ನೋಡಿದಂತೆ ಅವನನ್ನು ನೋಡಿದಳು. ಭಾವಮೈದ ಪ್ರತಿಯೊಬ್ಬರಿಗೂ "ನಾನೇ ಹೇಳಿಕೊಟ್ಟಿದ್ದು" ಎಂದು ಪ್ರತ್ಯೇಕವಾಗಿ ತಿಳಿಸಿದ. ಕಾನ್‌ಸ್ಟೇಬಲ್ ಫೋನುಗಳನ್ನು ವಶಕ್ಕೆ ಪಡೆದು, ಚಾಕುವನ್ನು ತೆಗೆದುಕೊಂಡು, ಹಿಡಿಯೊಳಗಿನ ತೆಳು ತಗಡೊಂದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ, ಸಲೀಸಾಗಿ ಮಡಚಿದ.

"ಇಷ್ಟೇನಾ?" ಎಂದ ಸದ್ದಪ್ಪ.

"ಇಷ್ಟೇ," ಎಂದು ಕಾನ್‌ಸ್ಟೇಬಲ್ ಚಾಕುವನ್ನು ಲಕೋಟೆಗೆ ಹಾಕಿ ಜೇಬಿಗಿಳಿಸಿದ. "ಇದು ಸಾಕ್ಷಿ. ಕೇಸು ಮುಗಿಯೋ ತನಕ ಸ್ಟೇಷನ್ನಲ್ಲಿರುತ್ತೆ. ನೀವು ದಿನಾ ಇದೇ ದಾರೀಲಿ ಬರ್ತೀರಾ?"

"ಹೂಂ."

ಕಾನ್‌ಸ್ಟೇಬಲ್ ತನ್ನ ಫೋನು ತೆಗೆದು ಮೇಲಧಿಕಾರಿಗೆ ಹೇಳಿದ: "ಸಾರ್, ನಿನ್ನೆಯಿಂದ ನನ್ನನ್ನ ಈ ಗಲ್ಲಿ ಕಾವಲಿಗೆ ಹಾಕಿದ್ರಲ್ಲ, ಇನ್ನು ಬೇಕಿಲ್ಲ ಸಾರ್. ಇಲ್ಲಿ ಒಬ್ಬರು ಸಿಕ್ಕಿದಾರೆ."

"ಆದ್ರೆ ಆ ಕಳ್ಳ ಇನ್ನೂ ಸಿಕ್ಕಿಲ್ವಲ್ಲ!" ಎಂದ ಸದ್ದಪ್ಪ ಗಾಬರಿಯಿಂದ.

"ಸಿಗ್ತಾನೆ ಬಿಡಿ. ಅವನ ಮಾಲು ನೀವು ಕಿತ್ತುಕೊಂಡಿದೀರ, ನಿಮ್ಮ ಮುಖ ಹತ್ರದಿಂದ ನೋಡಿದಾನೆ. ಹುಡುಕಿಕೊಂಡು ಬಂದೇ ಬರ್ತಾನೆ. ಹಿಡಿದಿಟ್ಟು ಒಂದು ಫೋನ್ ಮಾಡಿ."

ಸದ್ದಪ್ಪ ಬಾಯಿ ತೆರೆದ. ಅಷ್ಟರಲ್ಲಿ ನರ್ಸು ಅವನ ಹೆಗಲಿಂದ ತನ್ನ ಚೀಲ ಬಿಡಿಸಿಕೊಂಡು, ಕಣ್ಣೊರೆಸಿಕೊಂಡಳು.

"ನಾಳೆಯಿಂದ ನೀವು ಬರೋ ಹೊತ್ತಿಗೆ ನಾವೂ ಗಲ್ಲಿ ಬಾಯಲ್ಲಿ ಕಾಯ್ತಿರ್ತೀವಿ ಅಣ್ಣ. ನಮ್ಮ ಆಸ್ಪತ್ರೆಯವರು ಹನ್ನೊಂದು ಜನ. ನೀವು ಮುಂದೆ ನಡೀರಿ, ನಾವು ಹಿಂದೆ ಬರ್ತೀವಿ."

ಕಾನ್‌ಸ್ಟೇಬಲ್ ಆಗಲೇ ಗಲ್ಲಿಯ ತುದಿಯಲ್ಲಿ ನಿಲ್ಲಿಸಿದ್ದ ಸೈಕಲ್ ಹತ್ತಿ ಹೊರಟಿದ್ದ.