ಮಾವನ ಲಾರಿಯ ಪಂಪು

ನನ್ನ ಸೋದರಮಾವ ದಿನಾ ಸಂಜೆ ಲಾರಿ ಹತ್ತಿ ಲೋಣಾವಳಾಕ್ಕೆ ಹೋಗಿ, ಘಟ್ಟದ ಮೋಡ ನೋಡಿ, ಏಳೂವರೆಗೆ ಊಟಕ್ಕೆ ಮನೆಯಲ್ಲಿರುತ್ತಿದ್ದರು. ಲಾರಿ ಮಾತ್ರ ಒಂದೂವರೆ ವರ್ಷದಿಂದ ಹಡಪಸರದ ಗಲ್ಲಿ ಬಿಟ್ಟು ಒಂದಿಂಚೂ ಕದಲಿರಲಿಲ್ಲ! ಹೇಗೆ ಹೋಗುತ್ತಿದ್ದರು ಅನ್ನುತ್ತೀರಾ? ಡ್ರೈವರ್ ಸೀಟಿನಲ್ಲಿ ಕೂತು, ಸ್ಟೀರಿಂಗ್ ಹಿಡಿದು, ಗಟ್ಟಿಯಾಗಿ ಮಾತಾಡುತ್ತ. ಈಗ ಸುರಂಗ ಬಂತು, ಈಗ ಮಂಜು ಇಳೀತು, ಅಗೋ ನೀರು ಧುಮುಕ್ತದ. ಕಿಟಕಿಯಾಚೆ ಇದ್ದದ್ದು ಅವರದೇ ಅಡುಗೆಮನೆಯ ಗೋಡೆ. ಅಷ್ಟು ಹೊತ್ತು ಕೇಳುತ್ತ ನಿಂತರೆ ನಮಗೂ ಆ ಗೋಡೆ ಸ್ವಲ್ಪ ತೇವವಾದಂತೆ ಕಾಣುತ್ತಿತ್ತು.

ಮೂವತ್ತು ವರ್ಷ ಇಂದಾಪುರದಿಂದ ಬೆಲ್ಲ ಹೇರಿದ ಲಾರಿ ಅದು. ಡೀಸೆಲ್ ಪಂಪು ಕೈಕೊಟ್ಟು ನಿಂತಿತ್ತು. ಗಲ್ಲಿಯ ಹಿರಿಯರು ಸಭೆ ಸೇರಿ, ದಸರೆಯ ಸಂಜೆಯೊಳಗೆ ಗಾಡಿ ಓಡಬೇಕು, ಇಲ್ಲವೇ ಗುಜರಿಗೆ ಹೋಗಬೇಕು ಎಂದು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ಮೆಕ್ಯಾನಿಕ್‌ನನ್ನು ಕರೆಸೋಣ ಅಂದೆ. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನ ಹಲ್ಲು ಮಂದಿ ತಿಕ್ಕಿ ಕೊಡ್ತಾರೇನು?"

ತಳೇಗಾಂವದ ಗೆಳೆಯರೊಬ್ಬರ ಹತ್ತಿರ ಚೆನ್ನಾಗಿದ್ದ ಪಂಪೊಂದು ಸಿಕ್ಕಿತು. ಅತ್ತೆಯ ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ಮಗು ಎಷ್ಟು ವರ್ಷದ್ದು ಎಂದು ಕಂಡಕ್ಟರ್ ಕೇಳಿದನಂತೆ. ಮಾವ ಅರ್ಧ ಟಿಕೆಟ್ ತೆಗೆಸಿದರಂತೆ.

ಈ ಪಂಪಿನ ಮರ್ಮ ಇಷ್ಟೆ. ಅದು ಹೊತ್ತಿಗೆ ಸರಿಯಾಗಿ ಎಂಜಿನ್ನಿಗೆ ಡೀಸೆಲ್ ಉಣಿಸಬೇಕು. ಕೂರಿಸುವಾಗ ಕೂದಲೆಳೆಯಷ್ಟು ಆಚೆ ತಿರುಗಿದರೆ ಹೊಗೆ, ಈಚೆ ತಿರುಗಿದರೆ ಸಿಡಿತ. ಅದಕ್ಕೇ ಹಳೆಯದನ್ನು ಬಿಚ್ಚುವ ಮೊದಲು ಎಂಜಿನ್ ಮೇಲೆ ಗುರುತು ಹಾಕಿಕೊಳ್ಳಬೇಕು. ಲೋಕವೆಲ್ಲ ಉಳಿಯಿಂದ ಗೀರುತ್ತದೆ. ನಮ್ಮ ಮಾವ? ಶುಭಕಾರ್ಯಕ್ಕೆ ಕಬ್ಬಿಣ ಯಾಕೆಂದು ದೇವರಮನೆಯ ಕುಂಕುಮದಿಂದ ಗೆರೆ ಎಳೆದು ಹಳೆಯ ಪಂಪು ಬಿಚ್ಚಿದರು!

ಮರುದಿನ ಖಂಡೇನವಮಿ, ಆಯುಧಪೂಜೆಯ ದಿನ. ಮಾವ ಸ್ನಾನಕ್ಕೆ ಹೋಗಿದ್ದರು. ಈಳಿಗೆಮಣೆ, ಮಿಕ್ಸರ್, ನನ್ನ ಸ್ಕೂಟರ್ ಎಲ್ಲದರ ಪೂಜೆ ಮುಗಿಸಿದ ಅತ್ತೆ ಲಾರಿಯ ಕಡೆ ತಿರುಗಿದರು. ತೊಳೆಯದೆ ಪೂಜೆ ಮಾಡುವ ಹೆಂಗಸಲ್ಲ ಅವರು. ಒದ್ದೆ ಬಟ್ಟೆಯಿಂದ ಎಂಜಿನ್ ಒರೆಸಿ, ಕಂಡಕಂಡಲ್ಲಿ ಕುಂಕುಮವಿಟ್ಟರು. ಮಾವ ಬಂದು ನೋಡಿದರೆ ಎಂಜಿನ್ನಿಗೆ ಮೈತುಂಬ ಬೊಟ್ಟು, ಗೆರೆ ಎಲ್ಲಿ? ಹೋಗಿ ಕಟ್ಟೆಯ ಮೇಲೆ ಕೂತರು. ಡೀಸೆಲ್ ವಾಸನೆಗೆ ಮೂವತ್ತು ವರ್ಷ ಗೊಣಗಿದ ಅತ್ತೆ ಬೇಕೆಂತಲೇ ಒರೆಸಿದ್ದಾರೆ ಅಂದುಕೊಂಡು ನಾನು ಅವರತ್ತ ಕಣ್ಣು ಮಿಟುಕಿಸಿದೆ. ಅವರು ಮುಖ ತಿರುಗಿಸಿದರು.

ದಸರೆಯ ದಿನ ಮಾವ ಅಂದಾಜಿನ ಮೇಲೆ ಪಂಪು ಕೂರಿಸಿದರು. ಮೊದಲ ಸಲ ಎದ್ದ ಬಿಳಿ ಹೊಗೆಯಲ್ಲಿ ಎದುರುಮನೆ ಮಾಯವಾಯಿತು. ಎರಡನೆಯ ಸಲ ಹೊಗೆ ಇನ್ನೂ ದಟ್ಟ. ಮೂರನೆಯ ಸಲ ಸಿಡಿದ ಸದ್ದಿಗೆ ನಾಯಿಗಳು ಗಲ್ಲಿಯನ್ನೇ ಬದಲಾಯಿಸಿದವು. ಐದು ಗಂಟೆಗೆ ಗುಜರಿಯವನು ಬಂದು ಚಹಾ ಕುಡಿಯುತ್ತ ಕೂತ. ಮಾವ ಬೋಲ್ಟು ತಿರುಗಿಸುವ ಪಾನಾ ಕೆಳಗಿಟ್ಟರು. ಲಾರಿಯ ಕಡೆ ಮತ್ತೆ ನೋಡಲಿಲ್ಲ. ಆಗ ಮಾತ್ರ ನನಗೆ ನಗು ಬರಲಿಲ್ಲ.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಎಂಜಿನ್ ಮೇಲೆ ಬಗ್ಗಿ ಒಂದು ಬೊಟ್ಟಿನ ಮೇಲೆ ಬೆರಳಿಟ್ಟರು.

"ಇಲ್ಲಿತ್ತು ನಿಮ್ಮ ಗೆರಿ. ಮೊದಲನೇ ಬೊಟ್ಟು ಅದರ ಮ್ಯಾಲೇ ಇಟ್ಟೀನಿ. ನೋಡ್ರಿ, ಇದಕ್ಕ ಒಂದಕ್ಕ ಅಕ್ಷತಿ ಅಂಟೇತಿ."

ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಮಾವ ಕೇಳಿದರು.

"ನನ್ನ ಯಾರ್ ಕೇಳಿದ್ರಿ?"

ಬೊಟ್ಟಿಗೆ ಸರಿಯಾಗಿ ಪಂಪು ತಿರುಗಿಸಿ, ಬೋಲ್ಟು ಬಿಗಿದು, ಡೀಸೆಲ್ ಕೊಳವೆಯಲ್ಲಿ ಸಿಕ್ಕ ಗಾಳಿ ಹೊರಹಾಕಿ ಮಾವ ಚಾವಿ ತಿರುಗಿಸಿದರು. ಲಾರಿ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಾಯಾಗಿ ಗುಡುಗತೊಡಗಿತು. ಗುಜರಿಯವನು ಲೋಟ ಇಟ್ಟು ಎದ್ದುಹೋದ.

ಪೀಡೆ ತೊಲಗುತ್ತಿತ್ತಲ್ಲ, ಸುಮ್ಮನಿದ್ದರಾಗುತ್ತಿತ್ತು ಎಂದು ಅತ್ತೆಯ ಕಿವಿಯಲ್ಲಿ ಹೇಳಿದೆ. ಅವರು ಲಾರಿಯತ್ತಲೇ ನೋಡುತ್ತ ಅಂದರು:

"ಅವರು ಒಬ್ಬರೇ ಮಾತಾಡ್ತಾರ ಅಂತ ತಿಳದಿಯೇನು? ನಾ ಒಲಿ ಮುಂದ ನಿಂತು ಹ್ಞೂಂ ಅಂತಿರ್ತೀನಿ. ಒಳಗ ಬಂದ್ರ ಉಪ್ಪು ಹಾಕು, ಚಾ ಕೊಡು, ಮುಗೀತು. ಗಾಡಿ ಹೋದ್ರ ನನ್ನ ಜೋಡಿ ಯಾರ್ ಮಾತಾಡಬೇಕೋ?"

ನಾನು ತಿರುಗಿ ನೋಡಿದೆ. ಮಾವ ಎಡಗಡೆಯ ಬಾಗಿಲು ತೆರೆದು, ಸೀಟಿನ ಧೂಳನ್ನು ಅಂಗೈಯಿಂದ ಒರೆಸುತ್ತಿದ್ದರು. ಇಷ್ಟು ವರ್ಷದಲ್ಲಿ ಅತ್ತೆ ಆ ಲಾರಿ ಹತ್ತಿದವರೇ ಅಲ್ಲ. ಈಗ ಹತ್ತಹೋದರೆ ಅವರಿಗೆ ಮೆಟ್ಟಿಲು ಎಟುಕಲಿಲ್ಲ. ನಾನು ಮಂಡಿಯೂರಿ ಬೆನ್ನು ಕೊಟ್ಟೆ.